ಅವಳ ಬಾವಲಿ, ನನ್ನ ಉಣ್ಣೆ ಹುಳ

ರಕ್ತಸ್ರಾವ ತರುವ ಜ್ವರಗಳ ವೈರಸ್ಸುಗಳ ಬೆನ್ನು ಹತ್ತಬೇಕೆಂದು ನಾವಿಬ್ಬರೂ ಒಂದೇ ವರ್ಷ ತೀರ್ಮಾನಿಸಿದೆವು. ಪಶುವೈದ್ಯ ಕಾಲೇಜಿನ ಹಾಸ್ಟೆಲಿನಲ್ಲಿ ನಾನೂ ನನ್ನ ಗೆಳತಿಯೂ ಒಂದೇ ಕೋಣೆಯವರು. ಅವಳು ಮೈಸೂರಿನವಳು, ನಾನು ಗಡಿಯಾಚೆ ಆಂಧ್ರಕ್ಕೆ ಸೇರಿದ ರಾಯದುರ್ಗದ ಬಟ್ಟೆ ಅಂಗಡಿಯವರ ಮಗಳು. ಇಂಥ ವೈರಸ್ಸು ಮನುಷ್ಯನನ್ನು ಮುಟ್ಟುವ ಮೊದಲು ಯಾವುದೋ ಪ್ರಾಣಿಯ ಮೈಯಲ್ಲಿ ಸದ್ದಿಲ್ಲದೆ ಬದುಕಿಕೊಂಡಿರುತ್ತದೆ. ಆ ಪ್ರಾಣಿಗೆ ಏನೂ ಆಗುವುದಿಲ್ಲ. ಅದು ಯಾವ ಪ್ರಾಣಿ ಎಂದು ಹುಡುಕುವುದು ನಮ್ಮ ಕೆಲಸ. ಅವಳು ಬಾವಲಿಯನ್ನು ಆರಿಸಿಕೊಂಡಳು. ನಾನು ಕುರಿಯನ್ನೂ ಕುರಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳವನ್ನೂ ಆರಿಸಿಕೊಂಡೆ. ನಮ್ಮ ಸೀಮೆಯಲ್ಲಿ ಕುರಿಗೇನೂ ಕೊರತೆಯಿಲ್ಲ, ಕೆಲಸ ಸಲೀಸಾದೀತು ಎಂದುಕೊಂಡಿದ್ದೆ.

ಬಹಳ ವರ್ಷ ಇಬ್ಬರನ್ನೂ ಯಾರೂ ಕೇಳಲಿಲ್ಲ. ಆ ಕಾಲ ನನಗೆ ಹಿತವಾಗಿತ್ತು. ಅವಳಿಗೂ ಹಣ ಸಿಗುತ್ತಿರಲಿಲ್ಲ, ನನಗೂ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಸಿಕ್ಕಾಗ ಒಟ್ಟಿಗೆ ಗೊಣಗಿಕೊಂಡು ಕಾಫಿ ಕುಡಿದು ಮನೆಗೆ ಹೋಗುತ್ತಿದ್ದೆವು. ಆಮೇಲೆ ಕೊರೊನಾ ಬಂತು. ಲೋಕಕ್ಕೆಲ್ಲ ಒಮ್ಮೆಲೇ ಬಾವಲಿ ಬೇಕಾಯಿತು. ಟೀವಿಯವರು, ಪತ್ರಿಕೆಯವರು, ಶಾಲೆಯ ಮಕ್ಕಳು, ಎಲ್ಲರೂ ಅವಳನ್ನು ಹುಡುಕಿಕೊಂಡು ಹೋದರು. ಉಣ್ಣೆ ಹುಳದ ಬಗ್ಗೆ ಯಾರೂ ಕೇಳಲಿಲ್ಲ. ಮದುವೆ ಮನೆಗಳಲ್ಲಿ ನಾನು ‘ಉಣ್ಣೆಯ ಮೇಲೆ ಸಂಶೋಧನೆ’ ಎಂದರೆ, ಒಳ್ಳೆಯ ಕಂಬಳಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವವರೇ ಹೆಚ್ಚು.

ಒಂದು ಸಂಜೆ ರಾಯದುರ್ಗದಿಂದ ಅಮ್ಮ ಫೋನ್ ಮಾಡಿದಳು. “ನಿನ್ ಗೆಳತಿ ಟೀವ್ಯಾಗ ಬಂದಾಳ ನೋಡು. ಎಷ್ಟ್ ಚೆಂದ ತಿಳಿಸಿ ಹೇಳ್ತಾಳ. ನೀನೂ ಅದನ್ನ ಓದೀಯಲ್ಲ, ನಿನ್ನ ಯಾಕ ಕರೆಯಂಗಿಲ್ಲ?”

ಗೆಳತಿಯ ಲೇಖನಗಳನ್ನು ಬಂದ ದಿನವೇ ಓದುತ್ತಿದ್ದೆ, ತಪ್ಪು ಸಿಗಬಹುದೆಂದು. ಒಮ್ಮೆ ಒಂದು ಊರಿನ ಹೆಸರಿನಲ್ಲಿ ಅಕ್ಷರ ತಪ್ಪಿತ್ತು. ಇಡೀ ದಿನ ನನಗೆ ಅನ್ನ ರುಚಿಸಿತು.

ಹೀಗಿರುವಾಗ ಅವಳೇ ಕರೆದಳು. “ರಾಯದುರ್ಗದ ಬೆಟ್ಟದ ಗುಹೆಗಳು, ಮಡಕಶಿರದ ಕೋಟೆ ಬೆಟ್ಟ, ಎರಡೂ ಕಡೆ ಬಾವಲಿ ಹಿಡಿಯೋಕೆ ಅನುಮತಿ ಸಿಕ್ಕಿದೆ ಕಣೇ. ನಂಗೆ ತೆಲುಗು ಬರಲ್ಲ. ನೀನು ಬಾ. ಹಾಗೇ ನಿನ್ನ ಕುರಿ ಕೆಲಸಾನೂ ಮುಗಿಸ್ಕೋಬಹುದು.” ನನ್ನ ಇಷ್ಟು ವರ್ಷದ ಕೆಲಸ ಅವಳಿಗೆ ‘ಹಾಗೇ’ ಮುಗಿಯುವಂಥದ್ದು. ಆದರೂ ಬರುತ್ತೇನೆ ಎಂದೆ. ನನ್ನೂರಿಗೆ ಅವಳೊಬ್ಬಳೇ ಹೋಗುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಮೊದಲು ರಾಯದುರ್ಗಕ್ಕೆ ಹೋದೆವು. “ಬರ್ರಿ, ಒಳಗ ಬರ್ರಿ” ಎಂದು ಅಮ್ಮ ಅವಳ ಕೈ ಹಿಡಿದುಕೊಂಡು ಒಳಗೆ ನಡೆದಳು. ನನ್ನ ಚೀಲ ನಾನೇ ಹೊತ್ತುಕೊಂಡು ಹಿಂದೆ ಹೋದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಎಲ್ಲ ಅವಳ ತಟ್ಟೆಯತ್ತಲೇ ಸರಿಯಿತು.

“ಬಾವಲಿ ಕಚ್ಚಂಗಿಲ್ಲೇನ್ರಿ?” ಅಮ್ಮ ಕೇಳಿದಳು.

“ಕಚ್ಚುತ್ತೆ ಅಮ್ಮ, ದಪ್ಪ ಗ್ಲೌಸ್ ಹಾಕ್ಕೋತೀವಿ. ಅದರ ಹೃದಯ ಕೈಯಲ್ಲಿ ಡವಡವ ಅಂತಿರುತ್ತೆ, ಪಾಪ ಅನ್ಸುತ್ತೆ.”

ಅಮ್ಮ ಹುಬ್ಬೇರಿಸಿ ಕೇಳುತ್ತಲೇ ಇದ್ದಳು. ಅದು ಏನು ತಿನ್ನುತ್ತದೆ, ಮರಿ ಎಲ್ಲಿ ಹಾಕುತ್ತದೆ, ತಲೆ ಕೆಳಗಾಗಿ ಮಲಗಿದರೆ ತಲೆ ಸುತ್ತುವುದಿಲ್ಲವೇ, ಒಂದೊಂದಾಗಿ ಎಲ್ಲ ವಿಚಾರಿಸಿದಳು. ನಾನು ಮಧ್ಯೆ ಬಾಯಿ ಹಾಕಿ, ಉಣ್ಣೆ ಹುಳ ಒಮ್ಮೆ ಹೊಟ್ಟೆ ತುಂಬ ರಕ್ತ ಕುಡಿದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು ಎಂದೆ. “ಉಣ್ಣೋ ಹೊತ್ನ್ಯಾಗ ಆ ಮಾತ್ಯಾಕ?” ಎಂದಳು ಅಮ್ಮ. ಗೆಳತಿ ನಕ್ಕಳು. ನಾನು ರೊಟ್ಟಿ ಮುರಿದುಕೊಂಡೆ.

ರಾಯದುರ್ಗದ ಕೆಲಸ ಮುಗಿಸಿ ಮಡಕಶಿರಕ್ಕೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಹೊತ್ತು ಮುಳುಗುವ ಮುಂಚೆ ಕೋಟೆ ಬೆಟ್ಟ ಹತ್ತಿ ಅವಳು ಬಲೆ ಕಟ್ಟುತ್ತಿದ್ದಳು. ಹತ್ತುವವರು ಇಳಿಯುವವರೆಲ್ಲ ನಿಂತು ನೋಡುತ್ತಿದ್ದರು. ನಾನು ಹಗಲಲ್ಲಿ ಅಮರಾಪುರದ ಕಡೆ ಹೋಗಿ ಕುರಿಗಳ ಕಿವಿಯ ಹಿಂದೆ, ಬಾಲದ ಕೆಳಗೆ ಚಿಮಟಿ ಹಾಕಿ ಹುಳ ಕೀಳುತ್ತಿದ್ದೆ. ನೋಡಲು ಒಬ್ಬರೂ ನಿಲ್ಲುತ್ತಿರಲಿಲ್ಲ.

ಅಮರಾಪುರದ ಹತ್ತಿರ ನನಗೆ ಗುರುತಿನ ಒಂದು ಕುರಿ ರೊಪ್ಪವಿತ್ತು. ಮುಳ್ಳುಬೇಲಿ ಹಾಕಿದ ಆ ದೊಡ್ಡಿಯನ್ನು ನೋಡಿಕೊಳ್ಳುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು. ಕೆಲವು ವರ್ಷಗಳಿಂದ ನಾನು ಅಲ್ಲಿಗೆ ಹೋಗುತ್ತಿದ್ದೆ. ಅವಳು ಕುರಿ ಹಿಡಿದುಕೊಡುತ್ತಿದ್ದಳು, ನಾನು ರಕ್ತ ತೆಗೆಯುತ್ತಿದ್ದೆ. ಹೋದಾಗಲೆಲ್ಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳುತ್ತಿದ್ದೆ. “ಏನಿಲ್ಲಮ್ಮ, ಎಲ್ಲಾ ಚೆನ್ನಾಗವ್ರೆ” ಎನ್ನುತ್ತಿದ್ದಳು. ಇಡೀ ಸೀಮೆಯಲ್ಲಿ ಇವಳೊಬ್ಬಳು ನನ್ನವಳು ಎಂದು ನಾನು ನಂಬಿಕೊಂಡಿದ್ದೆ.

ಬಲೆ ಕಟ್ಟಲು ಗಾಳಿ ಬಿಡದ ಒಂದು ದಿನ ಗೆಳತಿ ನನ್ನ ಜೊತೆ ರೊಪ್ಪಕ್ಕೆ ಬಂದಳು. ನಾನು ಕುರಿಗಳ ನಡುವೆ ಬಗ್ಗಿಕೊಂಡಿದ್ದಾಗ ಅವರಿಬ್ಬರೂ ಬೇವಿನ ಮರದ ಕೆಳಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಆ ಹೆಂಗಸು ಏನೋ ಹೇಳುತ್ತಿದ್ದಳು, ಇವಳು ಸುಮ್ಮನೆ ಕೇಳುತ್ತಿದ್ದಳು. ನನಗೆ ಕುರಿ ಹಿಡಿದುಕೊಡಲು ಯಾರೂ ಇರಲಿಲ್ಲ. ಒಂದು ಟಗರು ಮೊಣಕಾಲಿಗೆ ಗುದ್ದಿ ಹೋಯಿತು.

ವಾಪಸು ಬರುವಾಗ ಕಾರಿನಲ್ಲಿ ಗೆಳತಿ ಹೇಳಿದಳು. “ಅವಳಿಗೆ ಹಿಂದೆ ಒಂದು ಸಲ ಜೋರು ಜ್ವರ ಬಂದಿತ್ತಂತೆ ಕಣೇ. ಒಸಡಲ್ಲಿ, ಮೂಗಲ್ಲಿ ರಕ್ತ. ತೋಳೆಲ್ಲ ನೀಲಿಗಟ್ಟಿತ್ತಂತೆ. ಹಿಂದೂಪುರದ ಆಸ್ಪತ್ರೇಲಿ ಪ್ಲೇಟ್ಲೆಟ್ ಇಳಿದಿದೆ ಅಂತ ಬಾಟ್ಲಿ ಹಾಕಿ ಉಳಿಸಿದ್ರಂತೆ. ಅದಕ್ಕೆ ಮುಂಚೆ ಕುರಿ ಮೈಮೇಲಿನ ಹುಳಾನೆಲ್ಲ ಉಗುರಲ್ಲಿ ಕಿತ್ತು ಹಿಸುಕಿದ್ಲಂತೆ.”

ನಾನು ಇಷ್ಟು ವರ್ಷ ಹುಡುಕುತ್ತಿದ್ದುದು ಇದನ್ನೇ. ಈ ಮಾತು ನನ್ನ ಕಿವಿಗೆ ಬೀಳಬೇಕಿತ್ತು. ಅದು ಬಾವಲಿಯವಳ ಕಿವಿಗೆ ಬಿದ್ದಿತ್ತು, ಅದೂ ಕಡಲೆಕಾಯಿ ಸುಲಿಯುತ್ತ.

ಮರುದಿನ ಒಬ್ಬಳೇ ಹೋಗಿ ಆ ಹೆಂಗಸನ್ನು ಕೇಳಿದೆ. “ನನಗೆ ಯಾಕೆ ಹೇಳಲಿಲ್ಲ?”

ಅವಳಿಗೆ ಅಂಜಿಕೆಯೇನೂ ಇರಲಿಲ್ಲ. “ನೀವು ಕುರಿ ಡಾಕ್ಟ್ರಲ್ವೇನಮ್ಮ. ನಂಗೆ ಕಾಯ್ಲೆ ಬಂದಿತ್ತು ಅಂದ್ರೆ ಕುರಿಯಿಂದ್ಲೇ ಬಂತು ಅಂತ ಬರ್ಕಂಡು, ನಾಳೆ ಮಂದೇನೆಲ್ಲ ಹೊಡ್ಕಂಡ್ ಹೋದ್ರೆ? ಆಯಮ್ಮ ಬಾವ್ಲಿ ಡಾಕ್ಟ್ರು. ಅವ್ರಿಗೆ ಹೇಳಿದ್ರೆ ಏನಾಯ್ತದೆ?”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಕುರಿಗಳನ್ನು ಯಾರೂ ಒಯ್ಯುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ನಿಯಮದ ಪ್ರಕಾರ ಅನುಮತಿ ಪಡೆದು, ಅವಳನ್ನೂ ಒಪ್ಪಿಸಿ, ಅವಳ ರಕ್ತವನ್ನು ಕುರಿಗಳ ರಕ್ತದ ಜೊತೆ ಪ್ರಯೋಗಾಲಯಕ್ಕೆ ಒಯ್ದೆ.

ಗೆಳತಿಯ ಬಾವಲಿಗಳಲ್ಲಿ ಅವಳು ಹುಡುಕುತ್ತಿದ್ದುದು ಏನೂ ಸಿಗಲಿಲ್ಲ. ಅದನ್ನು ಕೇಳಿ ನನಗಾದ ಖುಷಿಯನ್ನು ಹೇಗೆ ಬಣ್ಣಿಸಲಿ. ನನ್ನ ಕುರಿಗಳಲ್ಲಿ ಕೆಲವಕ್ಕೆ, ಆ ಹೆಂಗಸಿಗೂ, ಉಣ್ಣೆಯಿಂದ ಹರಡುವ ರಕ್ತಸ್ರಾವದ ಜ್ವರದ ವೈರಸ್ಸು ಯಾವಾಗಲೋ ಬಂದುಹೋದ ಗುರುತು ರಕ್ತದಲ್ಲಿತ್ತು. ಸಾಯಿಸಬಹುದಾದ ಜ್ವರವನ್ನು ಅವಳು ಹೆಸರೂ ತಿಳಿಯದೆ ದಾಟಿಬಂದಿದ್ದಳು. ನಾನು ಮೊದಲು ಫೋನ್ ಮಾಡಿದ್ದು ಗೆಳತಿಗೆ. ತಿಳಿಸಬೇಕೆಂದಲ್ಲ, ಅವಳ ದನಿ ಸಣ್ಣದಾಗುವುದನ್ನು ಕೇಳಬೇಕೆಂದು.

“ಸಿಕ್ತಾ?” ಎಂದು ಅವಳು ಕೂಗಿದ್ದಕ್ಕೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. “ಎಷ್ಟು ವರ್ಷದ ಕೆಲಸ ಕಣೇ ನಿಂದು. ಇದರ ಲೇಖನದಲ್ಲಿ ನನ್ನ ಹೆಸರೆಲ್ಲ ಬೇಡ, ನಾನೇನು ಮಾಡಿದೆ, ಕಡಲೆಕಾಯಿ ತಿಂದೆ ಅಷ್ಟೇ.”

ಅವಳು ಸ್ವಲ್ಪ ಕೊಂಕು ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಫಲಿತಾಂಶ ತಿಳಿಸಲು ರೊಪ್ಪಕ್ಕೆ ಹೋದೆ. ಕುರಿಗಳಿಗೆ ಇದರಿಂದ ಏನೂ ಆಗುವುದಿಲ್ಲ, ಹುಳವನ್ನು ಬರಿಗೈಲಿ ಕೀಳಬಾರದು, ಉಗುರಲ್ಲಿ ಹಿಸುಕಬಾರದು, ಮನೆಯಲ್ಲಿ ಯಾರಿಗಾದರೂ ಜ್ವರದ ಜೊತೆ ರಕ್ತ ಕಂಡರೆ ಕುರಿ ಸಾಕುತ್ತೇವೆಂದು ಡಾಕ್ಟರಿಗೆ ಮೊದಲೇ ಹೇಳಬೇಕು ಎಂದೆಲ್ಲ ವಿವರಿಸಿದೆ. ಗ್ಲೌಸಿನ ಡಬ್ಬ, ಚಿಮಟಿ, ಹುಳಕ್ಕೆ ಹಾಕುವ ಔಷಧಿ ಕೊಟ್ಟೆ. ಅವಳು ಗಮನವಿಟ್ಟು ಕೇಳಿದಳು, ಚಿಮಟಿ ಹಿಡಿದು ಒಂದು ಹುಳ ಕಿತ್ತು ತೋರಿಸಿದಳು. ನಾನು ಎದ್ದು ಹೊರಟಾಗ ಕೇಳಿದಳು, “ಆಯಮ್ಮ ಯಾಕ್ ಬರ್ಲಿಲ್ಲ?”

“ಅವರಿಗೆ ಬೇರೆ ಕೆಲಸ ಇದೆ” ಎಂದೆ. ಅದು ಸುಳ್ಳೇನಲ್ಲ. ಆದರೆ ನಾನು ಅವಳನ್ನು ಕರೆದೇ ಇರಲಿಲ್ಲ.

ನನ್ನ ಕೆಲಸದ ಬಗ್ಗೆ ಈಗ ಕೆಲವರು ಕೇಳುತ್ತಾರೆ. ಜಿಲ್ಲೆಯ ಪಶುವೈದ್ಯರಿಗೆ ತರಬೇತಿ ಕೊಟ್ಟು ಬಂದೆ. ಪಕ್ಕದ ಅಗಳಿ ಊರಿನ ಕಡೆಯಿಂದಲೂ ಕುರಿಯವರು ಫೋನ್ ಮಾಡುತ್ತಾರೆ. ಟೀವಿಯವರು ಬಂದಿಲ್ಲ.

ಹೋದ ತಿಂಗಳು ಗೆಳತಿ ಫೋನ್ ಮಾಡಿದ್ದಳು. ಬಾವಲಿ ಇರುವ ಗುಹೆಯ ಬಿರುಕುಗಳಲ್ಲಿ ಒಂದು ಜಾತಿಯ ಉಣ್ಣೆ ಹುಳ ಇರುತ್ತದೆ, ಮುಂದೆ ಅದನ್ನೇ ಹಿಡಿಯಬೇಕೆಂದಿದ್ದೇನೆ ಎಂದಳು. “ಹುಳದ ವಿಷಯ ನಂಗೇನೂ ಗೊತ್ತಿಲ್ಲ ಕಣೇ. ನೀನು ಕಲಿಸಬೇಕು.”

ನನ್ನ ಕೈಲಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ. ಬಾವಲಿಯಾಯಿತು, ಊರಾಯಿತು, ಅಮ್ಮನಾಯಿತು, ಈಗ ಹುಳಕ್ಕೂ ಬಂದಳು ಅನ್ನಿಸಿತು.

“ಕಲಿಸ್ತೀನಿ. ಆದರೆ ಲೇಖನದಲ್ಲಿ ನನ್ನ ಹೆಸರು ಮೊದಲು ಇರಬೇಕು” ಎಂದೆ.

“ಇರಲಿ ಬಿಡೇ” ಎಂದಳು, ಒಂದು ಕ್ಷಣವೂ ಯೋಚಿಸದೆ.

ಮುಂದಿನ ವಾರ ಇಬ್ಬರೂ ಗುಹೆಗೆ ಹೋಗುವವರಿದ್ದೇವೆ. ಹುಳ ಹಿಡಿಯುವ ಸಾಮಾನೆಲ್ಲ ಜೋಡಿಸಿಟ್ಟಿದ್ದೇನೆ, ಅವಳದೂ ಸೇರಿಸಿ. ಅಷ್ಟು ಸುಲಭವಾಗಿ ‘ಇರಲಿ’ ಎನ್ನಲು ಅವಳಿಗೆ ಹೇಗೆ ಬರುತ್ತದೆ ಎಂಬುದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.