ಕತ್ತೆಕಿರುಬದ ಉಳಿದ ಎರಡು ಪುಟ

ದೆವ್ವ ಕಂಡೆ, ಗಾಳಿ ಸೋಕಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಸ್ಟಾಫ್ ರೂಮಿನಲ್ಲಿ ಅಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಆಂಧ್ರದ ಆಸ್ಪರಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ವಾಸವೂ ಅದೇ ಊರಲ್ಲಿ. ಒಂದು ಮಧ್ಯಾಹ್ನ, ರಾತ್ರಿ ಮಾತ್ರ ಹೊರಬೀಳುವ ಕತ್ತೆಕಿರುಬದ ಬಗ್ಗೆ ಒಂದು ಪುಸ್ತಕ ಓದಿ ಹೇಳುತ್ತಿದ್ದೆ. ಆ ಊರಲ್ಲಿ ‘ದುಮ್ಮುಲಗೊಂಡಿ ಬಂತು’ ಎಂದು ಅದರ ತೆಲುಗು ಹೆಸರು ಹೇಳಿಯೇ ಮಕ್ಕಳನ್ನು ಮಲಗಿಸುತ್ತಾರೆ. ಆ ಭಯ ಬಿಡಿಸಬೇಕೆಂದು ನನ್ನ ಹಟ. ಕುರಿ ಸಾಕುವವರ ಮಗಳು, ಏಳು ವರ್ಷದ ಈರಮ್ಮ ಕೇಳಿದಳು: “ಟೀಚರ್, ಅದು ಹುಡುಗ್ರನ್ನ ತಿಂತೈತೇನ್ರಿ?”

“ಇಲ್ಲವ್ವ, ಸತ್ತ ದನದ ಎಲುಬು ತಿಂತೈತಿ. ನಮ್ಮನ್ನ ಕಂಡ್ರ ಅದಕ್ಕ ಹೆದರಿಕಿ” ಎಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಕೊನೆಯ ಎರಡು ಪುಟ ಉಳಿದವು. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಸಂಜೆ ಈರಮ್ಮ ಕಿರುಬ ನೋಡಿ ಬರುತ್ತೇನೆಂದು ಗೆಳತಿಗೆ ಹೇಳಿ ಗುಡ್ಡದ ಕಡೆ ಹೋದಳು. ಕತ್ತಲಾದರೂ ಬರಲಿಲ್ಲ. ಅವಳ ಧೈರ್ಯಕ್ಕೆ ಕಾರಣ ನಾನೇ ಎಂದು ನನಗಾಗ ಗೊತ್ತಾಯಿತು. ಊರಿನ ಗಂಡಸರು ಬಡಿಗೆ, ಟಾರ್ಚು, ನಾಯಿಗಳೊಂದಿಗೆ ಹೊರಟರು. ಬೇಡವೆಂದರೂ ನಾನೂ ಹೋದೆ. ರಾತ್ರಿಯೆಲ್ಲ ಅವಳ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿತು.

ಬೆಳಗಿನ ಜಾವ ನಾಯಿಗಳು ಒಂದು ಬಂಡೆಯ ಹತ್ತಿರ ಮುತ್ತಿಕೊಂಡವು. ಅಲ್ಲಿ ಕತ್ತೆಕಿರುಬ ಕಾಲು ಚಾಚಿ ಬಿದ್ದಿತ್ತು. ನಾಯಿಗಳು ಕಚ್ಚಿ ಎಳೆದರೂ ಅಲುಗಾಡಲಿಲ್ಲ. “ನನ್ನ ಕೂಸನ್ನ ತಿಂದು ಬಿದ್ದೈತಿ, ಹೊಡೀರಿ!” ಎಂದು ಈರಮ್ಮನ ಅಪ್ಪ ಕಿರುಚಿದ. ನನಗೆ ಗೊತ್ತಿತ್ತು. ನಾಯಿಗಳು ಮುತ್ತಿದರೆ ಅದು ಸತ್ತಂತೆ ಬಿದ್ದುಕೊಳ್ಳುತ್ತದೆ ಎಂದು ಓದದೇ ಉಳಿದ ಪುಟದಲ್ಲೇ ಇತ್ತು. ಅದರ ಬಾಯಿಯ ಹತ್ತಿರ ರಕ್ತವೂ ಇರಲಿಲ್ಲ. ಆದರೂ ನಾನು ತುಟಿ ಬಿಚ್ಚಲಿಲ್ಲ. ನನ್ನ ತಪ್ಪನ್ನು ಅದು ಹೊತ್ತುಕೊಂಡರೆ ಸಾಕು ಎನಿಸಿತ್ತೇನೋ. ಬಡಿಗೆ ಬಿದ್ದಾಗ ಅದು ಒಮ್ಮೆ ಕಣ್ಣು ತೆರೆಯಿತು. ಆಮೇಲೆ ನಿಜವಾಗಿಯೂ ಸತ್ತಿತು.

ಬಿಸಿಲೇರುವ ಹೊತ್ತಿಗೆ ಗುಡ್ಡದ ಆ ಬದಿಯಲ್ಲಿ ಈರಮ್ಮ ಸಿಕ್ಕಳು. ಮೈಮೇಲೆ ಒಂದು ಗೀರೂ ಇಲ್ಲ. ದಾರಿ ತಪ್ಪಿ ಬಂಡೆಯ ಮರೆಯಲ್ಲಿ ಕೂತಿದ್ದಳಂತೆ. ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

“ನೀವ ಇದ್ರಲ್ರಿ ಟೀಚರ್. ರಾತ್ರೆಲ್ಲಾ ಬಾಜೂಕ ಕುಂತು ಉಳಿದಿದ್ದು ಓದಿದ್ರಿ” ಎಂದಳು. ಆಮೇಲೆ ಆ ಎರಡು ಪುಟವನ್ನೂ ಒಂದು ಅಕ್ಷರ ಬಿಡದೆ ಒಪ್ಪಿಸಿದಳು. ಅವಳಿಗೆ ಆಗಿನ್ನೂ ಕೂಡಿಸಿ ಓದಲು ಬರುತ್ತಿರಲಿಲ್ಲ. ಬೀಗದ ಕೈ ನನ್ನ ಚೀಲದಲ್ಲೇ ಇತ್ತು.

ಕುರಿ ಕಾಯುವವರಿಂದ ಕೇಳಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಆದರೆ ಪುಸ್ತಕದ ವಾಕ್ಯಗಳೇ ಅವರ ಬಾಯಿಗೆ ಹೇಗೆ ಬಂದಾವು? ಅವಳ ಪಕ್ಕ ಕೂತು ಓದಿದವರು ಯಾರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗುಡ್ಡದ ಈ ಬದಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದವಳು ಮಾತ್ರ ನಾನೇ.