ಒಲೆಗೇರದ ಬಾಣಲೆ

ಎದುರುಮನೆ ದೊಡ್ಡಮ್ಮನ ಬಲ ಹೆಬ್ಬೆರಳಿನ ಬುಡ ಸದಾ ಎಣ್ಣೆಗಪ್ಪಾಗಿರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ನೆಂಟಸ್ತಿಕೆಯೇನಿಲ್ಲ, ಕನಕಪುರದ ನಮ್ಮ ಬೀದಿಗೆಲ್ಲ ಅವರು ದೊಡ್ಡಮ್ಮ. ಹಾರೋಹಳ್ಳಿ ಫ್ಯಾಕ್ಟರಿಗಳ ಸಂಬಳ ಬರತೊಡಗಿ ಮನೆಮನೆಗೂ ನಾನ್‌ಸ್ಟಿಕ್ ತವಾ ಬಂದವು. ದೊಡ್ಡಮ್ಮ ಮಾತ್ರ ಬೀಡುಕಬ್ಬಿಣದ ಬಾಣಲೆ ಬಿಡಲಿಲ್ಲ. ತೊಳೆದ ಬಾಣಲೆಯನ್ನು ಒಲೆಯ ಮೇಲಿಟ್ಟು ಪಸೆ ಆರಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಬೇಕು. "ಕಾದಿರೋ ಬೀಡಿಗೆ ತಣ್ಣೀರು ಹುಯ್ಬ್ಯಾಡ್ರವ್ವ, ಬಿರುಕು ಬುಟ್ಬುಡ್ತದೆ" ಎಂದು ಹೊಸ ಸೊಸೆಯರನ್ನು ಗದರುತ್ತಿದ್ದರು. ನಾನೂ ಗದರಿಸಿಕೊಂಡವಳೇ.

ಫ್ಯಾಕ್ಟರಿಯಿಂದ ಬಂದು ಎದೆನೋವೆಂದು ಮಲಗಿದ ನನ್ನ ಗಂಡ ಮತ್ತೆ ಏಳಲಿಲ್ಲ. ಸಾವಿನ ಮನೆಯಲ್ಲಿ ಎಣ್ಣೆ ಬಾಣಲೆ ಒಲೆಗೇರಬಾರದು. ತಿಥಿ ಮುಗಿದ ಮೇಲೆ ಏನಾದರೂ ಕರಿದರೆ ಸೂತಕ ಕಳೆದಂತೆ. ತಿಥಿ ಮುಗಿದರೂ ನಾನು ಬಾಣಲೆ ಇಡಗೊಡಲಿಲ್ಲ. ಇಟ್ಟರೆ ನನ್ನವರು ನಿಜವಾಗಿಯೂ ಹೋದ ಹಾಗೆ ಅನ್ನಿಸುತ್ತಿತ್ತು. ಒಗ್ಗರಣೆಯಿಲ್ಲದ ಸಾರು, ಮುದ್ದೆಯಲ್ಲಿ ತಿಂಗಳುಗಳು ಕಳೆದವು. ನನ್ನ ಬೀಡಿನ ಬಾಣಲೆ ಹಿತ್ತಲಲ್ಲಿ ತುಕ್ಕು ಹಿಡಿಯಿತು. ಸಮಾಧಾನ ಹೇಳಲು ಬಂದವರಿಗೆಲ್ಲ ಕಾಫಿ ಕೊಟ್ಟು ಕೊಟ್ಟು ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಿ ಕಳಿಸುವಂತಾಗಿತ್ತು.

ಒಂದು ಬೆಳಿಗ್ಗೆ ದೊಡ್ಡಮ್ಮ ನನ್ನ ಪುಟ್ಟ ಮಗಳ ಕೈಹಿಡಿದು ಬಂದರು. ತಮ್ಮ ಮನೆಯಲ್ಲಿ ವಡೆ ಕೊಟ್ಟರೆ ಮಗು ಮುಟ್ಟಲಿಲ್ಲವಂತೆ. "ನಾವು ತಿನ್ನಂಗಿಲ್ಲ, ನಮ್ಮಪ್ಪ ಸತ್ತೋಗವ್ರೆ" ಅಂದಳಂತೆ.

"ನೀನು ಎಷ್ಟ್ ದಿನಾನಾದ್ರೂ ಹಿಂಗೇ ಇರು, ಬ್ಯಾಡ ಅನ್ನಲ್ಲ. ಈ ಕೂಸಿನ ಬಾಯಿಗ್ಯಾಕವ್ವ ಸೂತ್ಕ?"

ದೊಡ್ಡಮ್ಮ ಹಿತ್ತಲಲ್ಲಿ ಕೂತು ಮರಳು, ತೆಂಗಿನ ನಾರು ಹಾಕಿ ತುಕ್ಕು ಇಳಿಸಿದರು. ಕಾಯಿಸಿ ಎಣ್ಣೆ ಸವರಿದರು. ಆರಿದ ಮೇಲೆ ಮತ್ತೆ ಕಾಯಿಸಿ ಮತ್ತೆ ಸವರಿದರು. ಸಂಜೆಗೆ ಬಾಣಲೆ ಮತ್ತೆ ಕಪ್ಪು ಹೊಳಪಿಗೆ ಬಂತು.

ವಡೆ ಹಿಟ್ಟು ಕಲಸಿ, ಎಣ್ಣೆ ಕಾಯಿಸಿ, "ಮೊದಲ್ನೇದು ನೀನೇ ಬುಡು" ಎಂದರು. ಬಿಟ್ಟೆ. ಚುರ್ರೆಂದ ಸದ್ದಿಗೆ ಮಗಳು ಓಡಿಬಂದಳು. ಕೈಗೆ ವಡೆ ಕೊಟ್ಟರೂ ತಿನ್ನದೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ತಲೆಯಾಡಿಸಿದ ಮೇಲೆ ಕಚ್ಚಿದಳು. ಗಂಡ ಹೋದಂದಿನಿಂದ ಗಟ್ಟಿಯಾಗಿ ಅಳದಿದ್ದ ನಾನು ಒಲೆಯ ಬುಡದಲ್ಲೇ ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದೆ.

ದೊಡ್ಡಮ್ಮ ನನ್ನ ಕೈಯಿಂದ ಜಾಲರಿ ಸೌಟು ತೆಗೆದುಕೊಂಡರು. "ಅಳವ್ವ, ಅಳು. ಎಣ್ಣೆ ನಾನ್ ನೋಡ್ಕತೀನಿ."

ಹಿಟ್ಟು ಮುಗಿಯುವವರೆಗೂ ಅವರು ಕರಿದರು, ನಾನು ಅತ್ತೆ. ಆ ತಾಯಿ ಈಗಿಲ್ಲ. ಧೈರ್ಯ ತಂದುಕೋ ಎಂದವರು ಬೀದಿ ತುಂಬಾ ಇದ್ದರು, ನನ್ನನ್ನು ಅಳಲು ಬಿಟ್ಟವರು ಅವರೊಬ್ಬರೇ.