ವಿಚಾರಣೆಗೆ ಬಂದ ಒಂಬತ್ತು ಜನ

ತರಗತಿಯ ಹುಡುಗನೊಬ್ಬ ಅವಳ ತಾಯಿಯನ್ನು ಕಕ್ಕಸು ತೊಳೆಯುವವಳು ಎಂದು ಹಂಗಿಸಿದ. ಅವಳು ಸ್ಟೀಲಿನ ನೀರಿನ ಬಾಟಲಿ ಎತ್ತಿ ಅವನ ಬಾಯಿಗೇ ಬಾರಿಸಿದಳು. ಹಲ್ಲು ಮುರಿದು, ನನ್ನ ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳಿಗೆಲ್ಲ ರಕ್ತ ಸಿಡಿಯಿತು. ಆಸ್ಟಿನ್ನಿನ ಆ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ಹದಿನೇಳರ ಆ ಮೆಕ್ಸಿಕನ್ ಹುಡುಗಿ ನನ್ನ ತರಗತಿಯಲ್ಲೇ ಚುರುಕು. ಶಾಲೆಯವರು ನಡೆಸುವ ವಿಚಾರಣೆಯಲ್ಲಿ ಹೊರಹಾಕಲು ತೀರ್ಮಾನಿಸಿದರೆ ಅವಳ ಇಂಜಿನಿಯರಿಂಗ್ ಆಸೆಗೆ ಎಳ್ಳುನೀರು ಬಿಟ್ಟಂತೆಯೇ. ಅವಳ ಮೇಲೆ ನನಗೆ ಕೆಂಡದಂಥ ಕೋಪ. ಬುದ್ಧಿ ಇರುವವರು ಕೈಯೆತ್ತಿದರೆ ನನಗೆ ಮೈ ಉರಿಯುತ್ತದೆ.

ವಿಚಾರಣೆಗೆ ತಂದೆ ಅಥವಾ ತಾಯಿ ಬಂದರೆ ಸಾಕಿತ್ತು. ಬಂದವರು ಒಂಬತ್ತು ಜನ: ಅಪ್ಪ, ಅಮ್ಮ, ಅಜ್ಜಿ, ಚರ್ಚಿನಲ್ಲಿ ಅವಳ ಹೊಣೆ ಹೊತ್ತ ಧರ್ಮಮಾತೆ, ಕಟ್ಟಡ ಕೆಲಸದ ಬೂಟುಗಳಲ್ಲೇ ಬಂದ ಐವರು ಮಾವಂದಿರು. ಚಿಕ್ಕಂದಿನಲ್ಲಿ ಹುಬ್ಬಳ್ಳಿಯ ನಮ್ಮ ಶಾಲೆಗೆ ಹೀಗೆಯೇ ಒಂದು ಮನೆತನದವರೆಲ್ಲ ನುಗ್ಗಿ ಹೆಡ್ಮಾಸ್ತರರ ಮೂಗು ಒಡೆದದ್ದನ್ನು ಕಣ್ಣಾರೆ ಕಂಡವಳು ನಾನು. ಹಿಂದುಮುಂದು ನೋಡದೆ ಕಚೇರಿಯ ಫೋನ್ ಎತ್ತಿ, ಹೊಡೆಯಲು ಬಂದಿದ್ದಾರೆ ಎಂದು ಶಾಲೆಯ ಸೆಕ್ಯುರಿಟಿ ಗಾರ್ಡನ್ನು ಕರೆದೆ.

ಗಾರ್ಡ್ ಬಂದವನೇ ಮುಂದಿದ್ದ ಮಾವನನ್ನು ಗೋಡೆಗೆ ಅಪ್ಪಳಿಸಿ ತೋಳು ತಿರುಚಿದ. ಎಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು. ಹುಡುಗಿ ಮುಷ್ಟಿ ಬಿಗಿದು ನುಗ್ಗಿದಳು. ಒಂದೇ ಒಂದು ಏಟು ಬಿದ್ದಿದ್ದರೂ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಡ್ಡ ಬಂದದ್ದು ಅಜ್ಜಿ. ಮೊಮ್ಮಗಳ ಎದೆಯೆತ್ತರವೂ ಇಲ್ಲದ ಆ ಮುದುಕಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಣೆಯ ಮೇಲೆ ಬೆರಳಿನಿಂದ ಶಿಲುಬೆ ಬರೆದಳು. ಆಮೇಲೆ ಅಮ್ಮ, ಅಪ್ಪ, ಧರ್ಮಮಾತೆ, ಉಳಿದ ಮಾವಂದಿರು, ಸರದಿಯಂತೆ. ಗಾರ್ಡೂ ಹಿಡಿತ ಸಡಿಲಿಸಿದ. ಕೊನೆಗೆ ಆ ಮಾವ, ಎಡಗೈಯಿಂದ. ಮನೆಯ ಮಕ್ಕಳಿಗೆ ಕಷ್ಟದ ದಿನ ಬಂದರೆ ಎಲ್ಲರೂ ಸೇರಿ ಹೀಗೆ ಹರಸುವುದು ಅವರ ಪದ್ಧತಿಯಂತೆ. ಅದಕ್ಕಾಗಿಯೇ ಕೆಲಸ ಬಿಟ್ಟು ಬಂದಿದ್ದರು.

ವಿಚಾರಣೆಯಲ್ಲಿ ಅವಳನ್ನು ಹೊರಹಾಕಲಿಲ್ಲ; ಅವಳು ಶಾಲೆಯಲ್ಲೇ ಉಳಿದಳು. ಗಾರ್ಡನ್ನು ಕರೆದವರು ಯಾರೆಂದು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನಾಚಿಕೆಗೇಡು. ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಅವಳಿಗೆ ಹೇಳಿಯೇ ಬಿಟ್ಟೆ.

“ಗೊತ್ತು ಮಿಸ್,” ಎಂದಳು. “ನೀವು ಫೋನ್ ಮಾಡಿದ್ದನ್ನ ನೋಡಿದ್ದೆ. ಪರೀಕ್ಷೆ ಮುಗಿಯೋವರೆಗೂ ಕೇಳಕೂಡದು ಅಂತ ಅಜ್ಜಿ ಆಣೆ ಹಾಕಿಸ್ಕೊಂಡಿದ್ರು. ಈಗ ಕೇಳ್ತೀನಿ. ಯಾಕೆ ಕರೆದ್ರಿ?”

ಹುಬ್ಬಳ್ಳಿಯ ಕಥೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನಿಮ್ಮನ್ನೆಲ್ಲ ನೋಡಿ ಹೆದರಿದೆ ಎಂದೆ.

“ಅದನ್ನ ನನಗಲ್ಲ, ಮಾವನಿಗೆ ಹೇಳಿ. ಹೊರಗೆ ನಿಂತಿದ್ದಾರೆ. ಬಲಗೈ ಇನ್ನೂ ಮೇಲೆ ಏಳಲ್ಲ.”

ನಾನು ಎದ್ದು ಅವಳ ಹಿಂದೆ ನಡೆದೆ.